ಕಡೆಯ ಪಂಕ್ತಿಯ ಲೆಕ್ಕ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂಬ ಪ್ರಶ್ನೆ ನನ್ನ ಕಾಲದ ಕನ್ನಡ ಪರೀಕ್ಷೆಯಲ್ಲೂ ಬರುತ್ತಿತ್ತು, ಈಗ ಆರನೇ ತರಗತಿಯಲ್ಲಿರುವ ನನ್ನ ಮೊಮ್ಮಗಳ ಪರೀಕ್ಷೆಯಲ್ಲೂ ಬರುತ್ತದೆ. ಮಿತವಾಗಿ ತಿಂದರೆ ಆರೋಗ್ಯ, ಹಿತವಾಗಿ ಮಾತಾಡಿದರೆ ಸ್ನೇಹ ಎಂದು ಬರೆದರೆ ಪೂರ್ತಿ ಅಂಕ ಖಚಿತ. ಆದರೆ ಊಟ ಬಲ್ಲವನು ಅಂದರೆ ಎಷ್ಟು ತಿನ್ನಬೇಕೆಂದು ಬಲ್ಲವನು ಮಾತ್ರವೇ? ಪಕ್ಕದಲ್ಲಿ ಯಾರು ಕೂತಿದ್ದಾರೆ, ಯಾರು ಬಡಿಸುತ್ತಿದ್ದಾರೆ, ತನ್ನ ನಂತರ ಇನ್ನೂ ಯಾರು ಉಣ್ಣಬೇಕು ಎಂಬುದನ್ನೂ ಬಲ್ಲವನೇ ನಿಜವಾಗಿ ಊಟ ಬಲ್ಲವನು ಎಂದು ಎಪ್ಪತ್ತು ದಾಟಿದ ನನಗೆ ಅನ್ನಿಸುತ್ತದೆ. ಅದರ ಬಗ್ಗೆ ಮಕ್ಕಳ ಜೊತೆಗೂ, ಅವರ ಅಜ್ಜ ಅಜ್ಜಿಯರ ಜೊತೆಗೂ ನಾಲ್ಕು ಮಾತು.

ನಾನು ಮೈಸೂರಿನವನು. ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನನ್ನಂಥ ಐದಾರು ಮಂದಿ ಸೇರುತ್ತೇವೆ. ಸಕ್ಕರೆ ಕಾಯಿಲೆ, ಪಿಂಚಣಿ, ಮಂಡಿನೋವು ಇವೆಲ್ಲ ಮುಗಿದ ಮೇಲೆ ಮಾತು ಮೊಮ್ಮಕ್ಕಳ ಕಡೆ ತಿರುಗುತ್ತದೆ. 'ಈಗಿನ ಮಕ್ಕಳಿಗೆ ಊಟದ ಶಿಸ್ತೇ ಇಲ್ಲ ಕಣ್ರೀ. ಕೈಯಲ್ಲಿ ಮೊಬೈಲ್ ಇಲ್ಲದೆ ತುತ್ತು ಇಳಿಯೋಲ್ಲ' ಎಂದು ಒಬ್ಬರು ಶುರು ಮಾಡಿದರೆ, 'ನಮ್ಮವನಿಗೆ ಫೋರ್ಕ್ ಹಿಡಿಯೋದು ಗೊತ್ತು, ಸಾರನ್ನ ಕಲಸೋಕೆ ಬರೋಲ್ಲ' ಎಂದು ಇನ್ನೊಬ್ಬರು. ದೂರು ನಿಜವೇ ಇರಬಹುದು. ಆದರೆ ಮಕ್ಕಳಿಗೆ ಇದನ್ನು ಹೇಳಿಕೊಡಲು ಪುರಸೊತ್ತು ಇರುವವರು ಮನೆಯಲ್ಲಿ ಯಾರು? ನಾವೇ ಅಲ್ಲವೇ?

ರಜೆಯಲ್ಲಿ ಬೆಂಗಳೂರಿನಿಂದ ಮೊಮ್ಮಕ್ಕಳಿಬ್ಬರು ಬಂದರೆ ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಎಲೆ ಊಟ. ನಡುಮನೆಯಲ್ಲಿ ಚಾಪೆ ಹಾಸಿ, ಬಾಳೆಲೆ ತೊಳೆದು ಹಾಕಿ, ಸಾಲಾಗಿ ಕೂರುತ್ತೇವೆ. ಮಂಡಿ ಬಗ್ಗದ ನನಗೆ ಮಾತ್ರ ಒಂದು ಮಣೆ. ಮೊಮ್ಮಗಳಿಗೆ ಪ್ರತಿಯೊಂದಕ್ಕೂ 'ಯಾಕೆ' ಬೇಕು. 'ಹಿರಿಯರು ಹೇಳಿದ್ದಾರೆ, ಅದಕ್ಕೆ' ಎಂಬ ಉತ್ತರ ಅವಳ ಹತ್ತಿರ ನಡೆಯುವುದಿಲ್ಲ. ಒಳ್ಳೆಯದೇ ಆಯಿತು. ಉತ್ತರ ಹುಡುಕುತ್ತಾ ಹೋದರೆ ನಮ್ಮ ಪಂಕ್ತಿಯ ನಿಯಮಗಳಲ್ಲಿ ಹೆಚ್ಚಿನವಕ್ಕೆ ಸರಳವಾದ ಕಾರಣ ಸಿಗುತ್ತದೆ.

ಎಲೆಯ ತುದಿ ಎಡಕ್ಕೆ ಯಾಕೆ? ನಾವು ಉಣ್ಣುವುದು ಬಲಗೈಯಲ್ಲಿ. ಅಗಲವಾದ ಭಾಗ ಬಲಕ್ಕಿದ್ದರೆ ಅನ್ನ ಕಲಸಲು ಜಾಗ ಸಿಗುತ್ತದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲೆಯ ಮೇಲಿನ ಅರ್ಧದಲ್ಲಿ ಯಾಕೆ? ಅವು ನಂಚಿಕೊಳ್ಳುವ ಪದಾರ್ಥ, ಸ್ವಲ್ಪ ಸ್ವಲ್ಪವೇ ಬೇಕು. ಅನ್ನ ಕೈಗೆ ಹತ್ತಿರ ಇರಬೇಕು, ಅದಕ್ಕೆ ಕೆಳಗೆ. ಎಂಜಲು ಕೈಯಲ್ಲಿ ಸೌಟು ಮುಟ್ಟಬಾರದು ಯಾಕೆ? ಬಾಯಿಗೆ ಹೋದ ಕೈ ಎಲ್ಲರ ಪಾತ್ರೆಗೆ ಹೋಗಬಾರದು. ರೋಗಾಣು ಎಂಬ ಪದ ತಿಳಿಯದ ಕಾಲದಲ್ಲೂ ನಮ್ಮ ಅಜ್ಜಿಯಂದಿರು ಎಂಜಲು, ಮುಸುರೆ ಎಂದು ಎಚ್ಚರಿಕೆ ಹೇಳುತ್ತಿದ್ದರು.

ಮೊಮ್ಮಗ ಮೂರನೇ ತರಗತಿ. ಅವನ ತಕರಾರು ಒಂದೇ ಒಂದು.

'ಎಲ್ಲರಿಗೂ ಬಡಿಸೋ ತನಕ ಹಪ್ಪಳಕ್ಕೂ ಕಾಯಬೇಕಾ ತಾತ?'

'ಹಪ್ಪಳಕ್ಕೇ ಮೊದಲು ಕಾಯಬೇಕು.'

'ಅಷ್ಟರಲ್ಲಿ ಅದು ಮೆತ್ತಗಾಗುತ್ತೆ!'

'ಮೆತ್ತಗಾಗುವ ಮೊದಲು ಎಲ್ಲರಿಗೂ ಮುಟ್ಟಿಸೋದು ಬಡಿಸುವವರ ಜಾಣತನ. ಕಾಯೋದು ನಿನ್ನ ಜಾಣತನ' ಎಂದೆ. ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕಾಯುವುದನ್ನು ನಮ್ಮ ಪೀಳಿಗೆ ಕಲಿತದ್ದು ಪುಸ್ತಕದಿಂದಲ್ಲ. 1965ರಲ್ಲಿ ನಾನು ಶಾಲೆಯಲ್ಲಿದ್ದೆ. ಪಾಕಿಸ್ತಾನದ ಜೊತೆ ಯುದ್ಧ, ಜೊತೆಗೆ ಮಳೆಯ ಕೊರತೆ. ದೇಶದಲ್ಲಿ ಧಾನ್ಯ ಸಾಲದು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿ ಎಂದು ದೇಶದ ಜನರನ್ನು ಕೇಳಿಕೊಂಡರು. ಸೋಮವಾರ ರಾತ್ರಿ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ಹೋಟೆಲುಗಳೂ ಬಾಗಿಲು ಹಾಕುತ್ತಿದ್ದವು. ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದ ಗೋಧಿಗೆ ರೇಷನ್ ಅಂಗಡಿಯ ಮುಂದೆ ಸಾಲು. ಆ ವರ್ಷಗಳಲ್ಲಿ ಶಾಲೆಗಳಲ್ಲಿ ಕೊಡುತ್ತಿದ್ದ ಕೇರ್ ಉಪ್ಪಿಟ್ಟಿನ ರುಚಿ ನನ್ನ ವಯಸ್ಸಿನ ಓದುಗರಿಗೆ ಇನ್ನೂ ನಾಲಿಗೆಯ ಮೇಲೆ ಇದ್ದೀತು.

ನಮ್ಮ ಮನೆಯಲ್ಲಿ ನಾವು ಐದು ಮಕ್ಕಳು. ಡಬ್ಬಿಯಲ್ಲಿ ಅಕ್ಕಿ ಮುಗಿದಿದ್ದರೂ ಅಮ್ಮ 'ಅಕ್ಕಿ ಇಲ್ಲ' ಎಂದು ಎಂದೂ ಹೇಳಿದವಳಲ್ಲ, 'ಅಕ್ಕಿ ತುಂಬಿಸಬೇಕು' ಎನ್ನುತ್ತಿದ್ದಳು. ಎಲ್ಲರಿಗೂ ಬಡಿಸಿ ಕಡೆಗೆ ತಾನು ಕೂರುತ್ತಿದ್ದಳು. ಅಪ್ಪ ನಮಗೆ ಹೇಳಿಕೊಟ್ಟ ಊಟದ ನಿಯಮ ಒಂದೇ: 'ಎರಡನೇ ಸಲ ಅನ್ನ ಕೇಳೋ ಮೊದಲು ಪಾತ್ರೆ ನೋಡು, ಅಮ್ಮನ ಮುಖ ನೋಡಬೇಡ.' ಅಮ್ಮನ ಮುಖ ನೋಡಿದರೆ ಯಾವಾಗಲೂ ಬೇಕಾದಷ್ಟು ಇದೆ ಎಂದೇ ಹೇಳುತ್ತಿತ್ತು. ನಿಜ ಹೇಳುತ್ತಿದ್ದುದು ಪಾತ್ರೆಯ ತಳ. ಐದೂ ಮಕ್ಕಳು ಕುತ್ತಿಗೆ ಚಾಚಿ ಪಾತ್ರೆಯ ತಳ ನೋಡಿ 'ಸಾಕು' ಎನ್ನುತ್ತಿದ್ದ ದಿನಗಳು ಅವು.

ಬ್ಯಾಂಕಿಗೆ ಸೇರಿದ ಮೇಲೆ ಇನ್ನೊಂದು ಪಾಠ ಆಯಿತು. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣಸಣ್ಣ ಊರುಗಳಿಗೂ ಶಾಖೆಗಳು ಬಂದವು. ಒಂದೊಂದು ಶಾಖೆಯಲ್ಲಿ ಒಂದೊಂದು ಜಿಲ್ಲೆಯವರು. ಮಧ್ಯಾಹ್ನ ಸ್ಟ್ರಾಂಗ್ ರೂಮಿನ ಪಕ್ಕದ ಕೋಣೆಯಲ್ಲಿ ಎಲ್ಲರ ಡಬ್ಬಿಯೂ ತೆರೆಯುತ್ತಿತ್ತು. ವಿಜಾಪುರದವರು ಜೋಳದ ರೊಟ್ಟಿ ಮುರಿದರೆ ಟಪ್ಪೆಂದು ಸದ್ದು. ಖಡಕ್ ರೊಟ್ಟಿಯನ್ನು ಸದ್ದಿಲ್ಲದೆ ಮುರಿಯುವುದು ಹೇಗೆ? ಮಂಡ್ಯದವರು ಮುದ್ದೆಯನ್ನು ಚೂರು ಮಾಡಿ ಸಾರಿನಲ್ಲಿ ಅದ್ದಿ ನುಂಗುತ್ತಿದ್ದರು. ಹೊಸಬರು ಅಗಿಯಲು ಹೋಗಿ ಮುಖ ಹುಳ್ಳಗೆ ಮಾಡಿಕೊಂಡರೆ ಕೋಣೆಯೆಲ್ಲ ನಗು. ಮಂಗಳೂರಿನವರಿಗೆ ಗಂಜಿಯನ್ನು ಸುರ್ ಎಂದು ಹೀರದಿದ್ದರೆ ಉಂಡಂತೆಯೇ ಅಲ್ಲ. ಒಬ್ಬರ ಮನೆಯಲ್ಲಿ ಸಭ್ಯವಾದದ್ದು ಇನ್ನೊಬ್ಬರ ಮನೆಯಲ್ಲಿ ತಮಾಷೆಯಾಗಿ ಕಾಣಬಹುದು. ಊಟ ಮುಗಿದ ಮೇಲೆ ಎಲೆಯನ್ನು ಯಾವ ಕಡೆಗೆ ಮಡಿಸಬೇಕು, ಮಡಿಸಬೇಕೋ ಬೇಡವೋ ಎಂಬುದರಲ್ಲೇ ಊರಿಗೊಂದು ಪದ್ಧತಿ ಇದೆ. ಹೋದ ಮನೆಯಲ್ಲಿ ಹಿರಿಯರನ್ನು ನೋಡಿ ಹಾಗೆ ಮಾಡಿದರಾಯಿತು.

ಆ ಕೋಣೆಯಲ್ಲಿ ಎಲ್ಲರಿಗೂ ಒಂದೇ ಆಗಿದ್ದ ನಿಯಮ ಬೇರೆ ಇತ್ತು. ಕ್ಯಾಷ್ ಕೌಂಟರಿನಲ್ಲಿ ಕೂತವನು ತನ್ನ ಮುಂದಿನ ಸಾಲು ಕರಗುವ ತನಕ ಏಳುವಂತಿರಲಿಲ್ಲ. ಅವನು ಬರುವುದು ಎಲ್ಲರಿಗಿಂತ ತಡ. ಅದಕ್ಕೆ ಊಟ ಶುರುವಾಗುವ ಮೊದಲೇ ಪ್ರತಿಯೊಬ್ಬರೂ ತಮ್ಮ ಡಬ್ಬಿಯಿಂದ ಒಂದು ತುತ್ತಿನಷ್ಟನ್ನು ಒಂದು ಮುಚ್ಚಳದಲ್ಲಿ ತೆಗೆದಿಡುತ್ತಿದ್ದರು. ಉಳಿದದ್ದನ್ನಲ್ಲ, ಮೊದಲೇ ತೆಗೆದಿಟ್ಟದ್ದನ್ನು. ಮ್ಯಾನೇಜರಿಂದ ಅಟೆಂಡರ್ ತನಕ ಇದನ್ನು ಯಾರೂ ತಪ್ಪಿಸುತ್ತಿರಲಿಲ್ಲ. ನೋಟಿನ ಮೇಲೆ ಬೆರಳಾಡಿಸಿ ಬಂದವನು ಸೋಪು ಹಾಕಿ ಕೈ ತೊಳೆದು ಆ ಮುಚ್ಚಳ ತೆಗೆಯುವಾಗ ಅವನ ಮುಖ ನೋಡಬೇಕಿತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಮರೆಮಾಚಬಾರದು. ಹಳೆಯದೆಲ್ಲ ಚಿನ್ನವಲ್ಲ. ನಮ್ಮ ಹಳೆಯ ಪಂಕ್ತಿಗಳಲ್ಲಿ ಜಾತಿಗೊಂದು ಸಾಲು ಇತ್ತು. ಕೆಲವರಿಗೆ ಒಳಗೆ ಎಲೆ, ಕೆಲವರಿಗೆ ಅಂಗಳದಲ್ಲಿ, ಕೆಲವರಿಗೆ ಬಾಗಿಲ ಆಚೆ. ಗಂಡಸರು ಉಂಡೆದ್ದ ಮೇಲೆ ಹೆಂಗಸರು. ಇದಕ್ಕೆ ಪಂಕ್ತಿಭೇದ ಎಂದು ಹೆಸರು. ಮೊಮ್ಮಕ್ಕಳಿಗೆ ಊಟದ ಸಂಪ್ರದಾಯ ಕಲಿಸುವಾಗ ಇದನ್ನು ಬಿಟ್ಟು ಕಲಿಸಬೇಕು, ಯಾಕೆ ಬಿಟ್ಟೆವು ಎಂದೂ ಹೇಳಬೇಕು. ಹನ್ನೆರಡನೇ ಶತಮಾನದಲ್ಲೇ ಬಸವಣ್ಣನವರು ದಾಸೋಹ ಎಂಬ ಮಾತಿಗೆ ದೊಡ್ಡ ಅರ್ಥ ಕೊಟ್ಟರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತದ ಭೇದವಿಲ್ಲದೆ ಒಟ್ಟಿಗೆ ಉಂಡು ಓದುತ್ತಾರೆ. 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮುಂದೆ ಇಡೀ ರಾಜ್ಯಕ್ಕೆ ಹರಡಿದ ಶಾಲೆಯ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಒಂದೇ ಜಗಲಿಯ ಮೇಲೆ, ಒಂದೇ ಸಾಲಿನಲ್ಲಿ, ಒಂದೇ ಪಾತ್ರೆಯ ಅನ್ನ ಉಣ್ಣುವ ಮಗು ಅಲ್ಲೇ ಒಂದು ದೊಡ್ಡ ಪಾಠ ಕಲಿಯುತ್ತದೆ.

ಹಾಗಾದರೆ ಈಗ ಪಂಕ್ತಿಭೇದ ಪೂರ್ತಿ ಹೋಯಿತೇ? ಕಳೆದ ವರ್ಷ ನೆಂಟರೊಬ್ಬರ ಮನೆಯ ಮದುವೆಗೆ ಹೋದಾಗ ಮೊಮ್ಮಗ ಕೇಳಿದ ಒಂದು ಪ್ರಶ್ನೆ ನನ್ನನ್ನು ಯೋಚನೆಗೆ ಹಚ್ಚಿತು.

ಕಲ್ಯಾಣ ಮಂಟಪದ ಊಟದ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತು. ನಾವು ಮೂರನೇ ಪಂಕ್ತಿಗೆ ಕೂತಿದ್ದೆವು. ಮಜ್ಜಿಗೆ ಬರುವ ಮೊದಲೇ ನಾಲ್ಕನೇ ಪಂಕ್ತಿಯವರು ನಮ್ಮ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಂತಿದ್ದರು. ಒಬ್ಬರ ವ್ಯಾನಿಟಿ ಬ್ಯಾಗ್ ನನ್ನ ತಲೆಗೆ ತಾಗುತ್ತಿತ್ತು. ಬಡಿಸುವ ಹುಡುಗರಿಗೆ ಓಡಾಡಲು ದಾರಿಯಿಲ್ಲ. ನಮ್ಮ ಸಾಲಿಗೆ ಒಬ್ಬಟ್ಟು ಬಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತು ವರ್ಷ ಇದ್ದೀತು. ಅಂಗಿ ಬೆವರಿಗೆ ಒದ್ದೆಯಾಗಿತ್ತು. ಮೊಮ್ಮಗ ಅವನನ್ನೇ ನೋಡುತ್ತಿದ್ದವನು, 'ತಾತ, ಆ ಅಣ್ಣ ಯಾವಾಗ ಊಟ ಮಾಡ್ತಾರೆ?' ಎಂದ.

'ಎಲ್ಲರದೂ ಆದ ಮೇಲೆ, ಕಡೆಯ ಪಂಕ್ತಿಯಲ್ಲಿ.'

'ನೋಡೋಣ್ವಾ?'

ನಮ್ಮ ಬಸ್ಸಿಗೆ ಹೇಗೂ ಹೊತ್ತಿತ್ತು. ಮೂರೂವರೆ ದಾಟಿದ ಮೇಲೆ ಊಟದ ಮನೆಗೆ ಇಣುಕಿದೆವು. ಅಡುಗೆಯವರು, ಬಡಿಸಿದವರು, ಎಲೆ ಎತ್ತಿದ ಹೆಂಗಸರು, ಪಾತ್ರೆ ತೊಳೆಯುವವರು, ವಾಲಗದವರು, ವ್ಯಾನಿನ ಡ್ರೈವರು ಎಲ್ಲ ಸೇರಿ ಇಪ್ಪತ್ತಾರು ಜನ ಒಂದು ಬದಿಯಲ್ಲಿ ಕೂತಿದ್ದರು. ಎಲೆಯ ಮೇಲೆ ಅನ್ನ, ಸಾರು, ಒಂದಿಷ್ಟು ಪಲ್ಯ. ಒಬ್ಬಟ್ಟು ಮುಗಿದಿತ್ತು. ಹಿಂದಿನ ಬಾಗಿಲಿನಿಂದ ಕಾಣುವಂತೆ ಎಂಜಲೆಲೆ ತುಂಬಿದ ನಾಲ್ಕು ದೊಡ್ಡ ಡ್ರಮ್ಮುಗಳು. ಮೇಲುಮೇಲೇ ಕಾಣುತ್ತಿದ್ದವು, ಒಂದು ಮೂಲೆ ಮುರಿದು ಬಿಟ್ಟ ಒಬ್ಬಟ್ಟುಗಳು, ಮುಟ್ಟದೆಯೇ ಬಿಟ್ಟವೂ ಇದ್ದವು.

ಮೊಮ್ಮಗ ಡ್ರಮ್ಮು ನೋಡಿದ, ಎಲೆ ನೋಡಿದ. ನೇರವಾಗಿ ಆ ಹುಡುಗನ ಹತ್ತಿರ ಹೋಗಿ, 'ಅಣ್ಣ, ನಿಮಗೆ ಒಬ್ಬಟ್ಟು ಇಲ್ವಾ?' ಎಂದು ಕೇಳಿಯೇಬಿಟ್ಟ. ಆ ಹುಡುಗ ನಕ್ಕು, 'ಬೆಳಗಿನಿಂದ ನೋಡೀ ನೋಡೀ ನಮಗೆ ಸಾಕಾಗಿದೆ ಪುಟ್ಟ' ಎಂದ.

ನನಗೆ ಅಮ್ಮನ ಮುಖ ನೆನಪಾಯಿತು. ಅದೇ ನಗು, ಅದೇ 'ಬೇಕಾದಷ್ಟು ಇದೆ' ಎನ್ನುವ ದನಿ.

ಮನೆಗೆ ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಲೆಕ್ಕ ಹಾಕಿದಳು. ಬ್ಯಾಂಕಿನಲ್ಲಿ ಸಂಜೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಟ್ಯಾಲಿ ಆಗುವ ತನಕ ಮನೆಗೆ ಹೋಗದ ನನಗೆ ಮೊಮ್ಮಕ್ಕಳ ಲೆಕ್ಕ ಅಂದರೆ ಇಷ್ಟ. ನಾನೂರು ಜನ ಉಂಡರು ಎಂದಿಟ್ಟುಕೊಳ್ಳಿ. ನಾಲ್ವರಲ್ಲಿ ಒಬ್ಬರು ಒಂದು ಒಬ್ಬಟ್ಟು ಬಿಟ್ಟರೆ ನೂರು ಒಬ್ಬಟ್ಟು. ಕಡೆಯ ಪಂಕ್ತಿಯವರು ಇಪ್ಪತ್ತಾರು. ತಲೆಗೆ ಮೂರು ಕೊಟ್ಟರೂ ಇಪ್ಪತ್ತೆರಡು ಮಿಗುತ್ತದೆ. ಇನ್ನು ಅನ್ನದ ಲೆಕ್ಕ. ಎಲೆಗೆ 50 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ ಅನ್ನ ಬಿಟ್ಟರೂ ನಾನೂರು ಎಲೆಗೆ 20 ಕಿಲೋ ಅನ್ನ. ಒಂದು ಕಿಲೋ ಅಕ್ಕಿ ಬೆಳೆಯಲು ಗದ್ದೆಗೆ ಸಾವಿರಕ್ಕೂ ಹೆಚ್ಚು ಲೀಟರ್ ನೀರು ಬೇಕು ಎಂದು ಕಾವೇರಿ ನೀರು ಕುಡಿಯುವ ನಮಗೆ ಬೇರೆ ಹೇಳಬೇಕಿಲ್ಲ.

ಲೋಕದ ಲೆಕ್ಕ ಇನ್ನೂ ದೊಡ್ಡದು. ವಿಶ್ವಸಂಸ್ಥೆಯ ಪರಿಸರ ವಿಭಾಗ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳದ್ದು. ಮದುವೆ ಮನೆಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ.

ಅದರ ಮುಂದಿನ ಭಾನುವಾರ ನಮ್ಮ ಮನೆಯಲ್ಲಿ ಹೊಸ ಪದ್ಧತಿ ಬಂತು. ಬಡಿಸುವುದು ಮಕ್ಕಳ ಸರದಿ. ಮೊಮ್ಮಗ ಹಪ್ಪಳವನ್ನೇ ಆರಿಸಿಕೊಂಡ, ಅದು ಮೆತ್ತಗಾಗಬಾರದಲ್ಲ! ಹನ್ನೆರಡು ಹಪ್ಪಳ. ನಾನು, ಮಗ, ಸೊಸೆ, ಮೊಮ್ಮಗಳು, ಪಕ್ಕದ ಮನೆಯ ಹುಡುಗ, ಕಡೆಗೆ ತನ್ನ ಎಲೆ. ಎಲ್ಲಕ್ಕೂ ಎರಡೆರಡು ಹಾಕಿ, ಓಡಿ ಬಂದು ಕೂತ. ಅಷ್ಟರಲ್ಲಿ ಒಲೆ ಆರಿಸಿ ಅಜ್ಜಿ ಬಂದು ತನ್ನ ಎಲೆಯ ಮುಂದೆ ಕೂತಳು. ತಟ್ಟೆ ಖಾಲಿ. ಹುಡುಗ ಅಜ್ಜಿಯ ಎಲೆ ನೋಡಿದ. 'ನನಗೆ ಬೇಡವೋ, ಹಲ್ಲಿಗೆ ಆಗೋಲ್ಲ' ಎಂದಳು ಅಜ್ಜಿ. 'ಸುಳ್ಳು' ಎಂದ ಅವನು. ತನ್ನ ಎಲೆಯ ಮೇಲಿದ್ದ ಒಂದು ಹಪ್ಪಳ ತೆಗೆದು ಅಜ್ಜಿಯ ಎಲೆಗೆ ಹಾಕಿದ.

ಅವನು ಇನ್ನೂ ಕೈ ಹಾಕಿರಲಿಲ್ಲ. ಹಾಕಿದ್ದರೆ ಅದು ಎಂಜಲಾಗಿರುತ್ತಿತ್ತು, ಕೊಡಲು ಬರುತ್ತಿರಲಿಲ್ಲ. ಎಲ್ಲರಿಗೂ ಬಡಿಸುವ ತನಕ ಯಾಕೆ ಕಾಯಬೇಕು ಎಂಬ ಅವನ ತಕರಾರಿಗೆ ಅಂದು ಅವನ ಎಲೆಯ ಮೇಲೆಯೇ ಉತ್ತರ ಸಿಕ್ಕಿತು. ಮತ್ತೆ ನಾನು ವಿವರಿಸಲು ಹೋಗಲಿಲ್ಲ. ಈಗ ಅವನು ಬಡಿಸುವ ಮೊದಲು ಅಡುಗೆಮನೆಗೂ ಹೋಗಿ ತಲೆ ಎಣಿಸಿ ಬರುತ್ತಾನೆ.

ಅಜ್ಜ ಅಜ್ಜಿಯರಿಗೆ ನನ್ನ ಸಲಹೆ ಇಷ್ಟೇ: ಮಕ್ಕಳಿಗೆ ಉಣ್ಣುವುದನ್ನು ಕಲಿಸುವುದಕ್ಕಿಂತ ಮೊದಲು ಬಡಿಸುವುದನ್ನು ಕಲಿಸಿ. ಸೌಟು ಹಿಡಿದ ಮಗುವಿಗೆ ಎಲ್ಲರ ಎಲೆಯೂ ಕಾಣುತ್ತದೆ. ಎರಡು ತೊಟ್ಟು ಸಾರು ನೆಲಕ್ಕೆ ಬಿದ್ದರೆ ಒರೆಸಿದರಾಯಿತು. ಇನ್ನು, ಎಲೆಯ ಮುಂದೆ ಕೂತ ಮಗುವನ್ನು ಬೈಯಬಾರದು. ಪಚಪಚ ಸದ್ದು ಮಾಡಿದರೆ, ಅಂಗೈಯೆಲ್ಲ ಮೆತ್ತಿಕೊಂಡರೆ ಊಟ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿ. ನಾಲ್ಕು ಜನರ ಮುಂದೆ ಹೇಳಿದರೆ ಅದು ಕಲಿಯುವುದು ಶಿಸ್ತನ್ನಲ್ಲ, ಊಟದ ಮೇಲೆ ಕೋಪವನ್ನು. ಮೊಬೈಲ್ ಬೇಡ ಎನ್ನುವುದಾದರೆ ತಾತನ ಮೊಬೈಲೂ ಕಪಾಟಿಗೆ ಹೋಗಬೇಕು, ಅಜ್ಜಿಯ ಧಾರಾವಾಹಿಯೂ ಆರಬೇಕು.

ಬಲವಂತದ ಉಪಚಾರವನ್ನೂ ಕಡಿಮೆ ಮಾಡೋಣ. ಅತಿಥಿಗಳು ಸಂಕೋಚಪಟ್ಟು ಬೇಡ ಎನ್ನುತ್ತಿದ್ದ ಕಾಲದಲ್ಲಿ 'ಇನ್ನೊಂದು ಹಾಕಿಸಿಕೊಳ್ಳಿ' ಎನ್ನುವುದು ಅಂತಃಕರಣವಾಗಿತ್ತು. ಈಗ ನಾವು ಹಟ ಹಿಡಿದು ಹಾಕಿಸಿದ ಒಬ್ಬಟ್ಟು ಡ್ರಮ್ಮಿಗೆ ಹೋಗುತ್ತದೆ.

ದೊಡ್ಡವರಿಗೂ ಶಿಷ್ಟಾಚಾರ ಹೇಳಬೇಕು ಎಂದರೆ ಕೆಲವರಿಗೆ ಕೋಪ ಬರಬಹುದು. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ ಎಂ.ಟಿ.ಆರ್. ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿ, ಶಿಸ್ತು ನೋಡಿ ಬಂದರು. ತಮ್ಮ ಹೋಟೆಲಿನ ಪಾತ್ರೆಗಳನ್ನು ರೋಗಾಣುರಹಿತ ಮಾಡುವ ವ್ಯವಸ್ಥೆ ತಂದದ್ದಲ್ಲದೆ, ಸಾರ್ವಜನಿಕ ಸ್ಥಳದಲ್ಲಿ ಹೇಗೆ ನಡೆದುಕೊಳ್ಳಬೇಕು, ಆರೋಗ್ಯಕ್ಕೆ ಹಿತವಾಗಿ ಹೇಗೆ ಉಣ್ಣಬೇಕು ಎಂದು ತಿಳಿಸುವ ಕಿರುಪುಸ್ತಕಗಳನ್ನೂ ಹೊರತಂದರು. ಕಾಸು ಕೊಟ್ಟು ತಿನ್ನಲು ಬಂದ ದೊಡ್ಡವರಿಗೇ ಹೋಟೆಲಿನವರು ಹೇಳಬಹುದಾದರೆ, ಮನೆಯಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳಬಾರದೇ?

ಮಕ್ಕಳೇ, ನಿಮಗೂ ಕೆಲಸವಿದೆ. ಮದುವೆಗೆ ಹೋದರೆ ಉಣ್ಣುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲಬೇಡಿ, ನಿಮ್ಮ ಮನೆಯವರು ನಿಂತರೆ ಅವರ ಕೈ ಹಿಡಿದು ಆಚೆ ಕರೆದುಕೊಂಡು ಬನ್ನಿ. ಸೌಟು ಎಲೆಯ ಹತ್ತಿರ ಬರುವ ಮೊದಲೇ ಅಡ್ಡ ಕೈ ಹಿಡಿದು 'ಸಾಕು' ಎನ್ನಿ. ಬಿದ್ದ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಅರ್ಧ ಒಬ್ಬಟ್ಟು ಸಾಕಾದರೆ ಅರ್ಧವೇ ಕೇಳಿ. ಬೇಕೆನಿಸಿದರೆ ಎರಡನೇ ಸಲ ಕೇಳಿ ತಿನ್ನಿ, ಅದರಲ್ಲಿ ನಾಚಿಕೆಯಿಲ್ಲ.

ಇನ್ನೊಂದು ಸಣ್ಣ ಮಾತು. ನಾವು ಕನ್ನಡಿಗರು ಯಾರನ್ನು ಕಂಡರೂ ಮೊದಲು ಕೇಳುವುದು 'ಊಟ ಆಯ್ತಾ?' ಎಂದು. ಬೀದಿಯಲ್ಲಿ ಸಿಕ್ಕವರನ್ನು ಕೇಳುತ್ತೇವೆ, ಫೋನಿನಲ್ಲಿ ಕೇಳುತ್ತೇವೆ. ನಮಗೆ ಬಡಿಸಿದವರನ್ನು ಕೇಳುವುದು ಅಪರೂಪ. ಮುಂದಿನ ಸಲ ಕೈ ತೊಳೆಯಲು ಏಳುವಾಗ, ಮನೆಯಲ್ಲಿ ಅಮ್ಮನನ್ನಾಗಲಿ, ಮದುವೆ ಮನೆಯಲ್ಲಿ ಬಡಿಸಿದ ಅಣ್ಣನನ್ನಾಗಲಿ, 'ನಿಮ್ಮದು ಊಟ ಆಯ್ತಾ?' ಎಂದು ಕೇಳಿ ನೋಡಿ. 'ಇನ್ನೂ ಇಲ್ಲ' ಎಂದರೆ, ಪಾತ್ರೆಯಲ್ಲಿ ಏನು ಉಳಿದಿದೆ ಎಂದು ಒಮ್ಮೆ ಇಣುಕಿ ಬನ್ನಿ.